ಬಾಡ್ ಎಂಬ ಹೆಸರಿನ ಹಿಂದೆ: ಎಮಿಲ್ ಬೋಡೊ

ಅಭ್ಯಾಸ ಬೋಧನೆಯ ಪಾಠವೊಂದರಲ್ಲಿ ಮೈಕ್ರೊಕಂಟ್ರೋಲರ್ ಕಂಪ್ಯೂಟರಿಗೆ ಅಕ್ಷರ ಕಳಿಸುವುದನ್ನು ತೋರಿಸುತ್ತಾ ಕಪ್ಪುಹಲಗೆಯ ಮೇಲೆ 9600 ಬಾಡ್ ಎಂದು ಬರೆದೆ. ಬಾಡ್ ಎಂದರೇನು ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ವೇಗ ಎಂದಷ್ಟೇ ಹೇಳಿ ಮುಂದೆ ಹೋದೆ. ಅದು ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು ಎಂದು ನನಗೇ ಗೊತ್ತಿರಲಿಲ್ಲ.

ಎಮಿಲ್ ಬೋಡೊ 1845ರ ಸೆಪ್ಟೆಂಬರ್ 11ರಂದು ಫ್ರಾನ್ಸಿನ ಮಾನ್ಯೋ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದರು. ಅವರ ಶಾಲಾ ವಿದ್ಯಾಭ್ಯಾಸ ಊರಿನ ಪ್ರಾಥಮಿಕ ಶಾಲೆಗೇ ಮುಗಿಯಿತು. ತಂದೆಯ ಜೊತೆ ಹೊಲದಲ್ಲಿ ದುಡಿದು, 1869ರಲ್ಲಿ ತಂತಿ ಇಲಾಖೆಗೆ ಸೇರಿ, ಅಕ್ಷರ ಮುದ್ರಿಸುವ ಹ್ಯೂಸ್ ಯಂತ್ರದಲ್ಲಿ ತರಬೇತಿ ಪಡೆದರು.

ಹ್ಯೂಸ್ ಯಂತ್ರದಲ್ಲಿ ಒಂದು ಅಕ್ಷರ ಹೋಗಿ ಇನ್ನೊಂದು ಹೋಗುವವರೆಗೆ ತಂತಿ ಬಹುಪಾಲು ಖಾಲಿ ಇರುತ್ತಿತ್ತು. ಆ ಖಾಲಿ ಸಮಯವನ್ನು ಬೇರೆಯವರಿಗೆ ಹಂಚಬಾರದೇಕೆ ಎಂಬುದೇ ಬೋಡೊ ಬಿಡಿಸಲು ಹೊರಟ ಸಮಸ್ಯೆ. 1874ರಲ್ಲಿ ಅವರು ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು. ಪ್ರತಿ ಅಕ್ಷರಕ್ಕೂ ಐದು ಸಂಕೇತಗಳು. ಪ್ರತಿಯೊಂದೂ ಎರಡು ಸ್ಥಿತಿಗಳಲ್ಲಿ ಒಂದು. ಹೀಗೆ 32 ಜೋಡಣೆಗಳು ಸಿಗುತ್ತವೆ. ಎಡಗೈಗೆ ಎರಡು, ಬಲಗೈಗೆ ಮೂರು ಕೀಲಿಗಳು. ತಂತಿಯ ಎರಡೂ ತುದಿಯಲ್ಲಿ ಒಂದೇ ವೇಗದಲ್ಲಿ ತಿರುಗುವ ವಿತರಕ ಯಂತ್ರವು ಒಬ್ಬೊಬ್ಬ ನಿರ್ವಾಹಕನಿಗೂ ಸರದಿಯಂತೆ ತಂತಿಯನ್ನು ಕೊಡುತ್ತಿತ್ತು. ಯಂತ್ರ ಟಕ್ ಎಂದಾಗ ನಿರ್ವಾಹಕ ಕೀಲಿ ಒತ್ತಬೇಕು. ತಾಳ ತಪ್ಪಿದರೆ ಅಕ್ಷರ ಕೆಡುತ್ತಿತ್ತು.

ಐದು ಅಂಶಗಳ ಸಂಕೇತವಾಗಲಿ, ಸರದಿಯ ಕಲ್ಪನೆಯಾಗಲಿ ಪೂರ್ತಿ ಅವರದೇ ಅಲ್ಲ. ಹಿಂದಿನವರು ಕಂಡುಕೊಂಡದ್ದನ್ನು ಒಂದುಗೂಡಿಸಿ, ಕೆಲಸ ಮಾಡುವ ಯಂತ್ರವಾಗಿಸಿದ್ದು ಅವರ ಸಾಧನೆ. 1877ರಲ್ಲಿ ಪ್ಯಾರಿಸ್ ಮತ್ತು ಬೋರ್ಡೊ ನಡುವೆ ಅದು ಬಳಕೆಗೆ ಬಂತು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕವೂ ದೊರೆಯಿತು. ಆದರೂ ಪ್ರಯೋಗಗಳ ಖರ್ಚಿನ ಬಹುಭಾಗವನ್ನು ಬೋಡೊ ಕೈಯಿಂದಲೇ ಹಾಕಿದರು. 1903ರ ಮಾರ್ಚ್ 28ರಂದು ತೀರಿಕೊಂಡರು. ಸೆಕೆಂಡಿಗೆ ಎಷ್ಟು ಸಂಕೇತಗಳು ಎಂಬುದರ ಮಾನಕ್ಕೆ ಅವರ ಹೆಸರು ಬಂದದ್ದು 1920ರ ದಶಕದಲ್ಲಿ.

ಬೋಡೊ ತಂತಿಯಲ್ಲಿ ಸಂದೇಶ ಯಾರದೆಂದು ತಿಳಿಸುತ್ತಿದ್ದುದು ಸರದಿ. ಇಂದಿನ ಐ-ಸ್ಕ್ವೇರ್-ಸಿ ವಿಧಾನದಲ್ಲಿ ಆ ಕೆಲಸವನ್ನು ವಿಳಾಸ ಮಾಡುತ್ತದೆ: ಸಾಮಾನ್ಯವಾಗಿ 7 ಬಿಟ್‌ಗಳ ಸಂಖ್ಯೆಯನ್ನು ಮೊದಲು ಕಳಿಸಿದಾಗ, ಆ ಸಂಖ್ಯೆಯ ಸಾಧನ ಮಾತ್ರ ಓಗೊಡುತ್ತದೆ. ನಾನು ತೋರಿಸಿದ ಸಂಪರ್ಕದಲ್ಲಿ ಇರುವುದು ಇಬ್ಬರೇ, ವಿಳಾಸ ಬೇಡ. ಆದರೆ ವೇಗ ಎರಡೂ ಕಡೆ ಒಂದೇ ಇರಬೇಕು.

ಮುಂದಿನ ಪಾಠದಲ್ಲಿ ಚಪ್ಪಾಳೆಯ ತಾಳಕ್ಕೆ ಒಬ್ಬ ಹುಡುಗ ಕೈ ಎತ್ತಿ ಇಳಿಸಿ ಐದು ಸಂಕೇತ ತೋರಿಸಿದ. ಬೆನ್ನು ತಿರುಗಿಸಿ ನಿಂತಿದ್ದ ಇನ್ನೊಬ್ಬ ತನ್ನದೇ ತಾಳದಲ್ಲಿ ಎಣಿಸುತ್ತಾ ತಿರುಗಿ ನೋಡಿ ಬರೆದುಕೊಂಡ. ತಾಳ ಬೇರೆಯಾದಾಗ ತಪ್ಪು ಅಕ್ಷರ ಬಂತು. 9600 ಎರಡೂ ಕಡೆ ಏಕೆ ಬೇಕು ಎಂದು ಆ ವಿದ್ಯಾರ್ಥಿನಿಯೇ ವಿವರಿಸಿದಳು. ಅವಳ ಮೊದಲ ಪ್ರಶ್ನೆಗೆ ನಾನು ಕೊಡಬೇಕಿದ್ದ ಉತ್ತರ ಅದೇ.