ಹೈದರಾಲಿಯ ದಂಡು

ನಮ್ಮ ಆತಗೂರಿನಿಂದ ಮಳವಳ್ಳಿಯ ಕಡೆಗೆ ಹೋದಾಗಲೆಲ್ಲ ನನಗೆ ಹೈದರಾಲಿಯ ನೆನಪಾಗುತ್ತದೆ. ಆ ಊರನ್ನು ಆತನು ಮಗ ಟಿಪ್ಪುವಿಗೆ ಜಹಗೀರಾಗಿ ಕೊಟ್ಟಿದ್ದನು. ತರಗತಿಯಲ್ಲಿ ಆತನ ಶೌರ್ಯವನ್ನು ಬಣ್ಣಿಸುವುದು ಸುಲಭ. ಆದರೆ ಶೌರ್ಯ ಬೇರೆ, ದಂಡೇ ದೊರೆತನವಾಗುವುದು ಬೇರೆ. ಇವೆರಡರ ಅಂತರವನ್ನು ಆತನ ಬಾಳು ಚೆನ್ನಾಗಿ ತಿಳಿಸುತ್ತದೆ.

ಹೈದರನು 1720ರ ಸುಮಾರಿಗೆ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದನು. ಸಿರಾದ ಸುಬೇದಾರನ ಸೇವೆಯಲ್ಲಿದ್ದ ತಂದೆ ಫತೇ ಮಹಮ್ಮದನು ಕಾಳಗದಲ್ಲಿ ಮಡಿದಾಗ ಈತನಿನ್ನೂ ಬಾಲಕ. ತಂದೆಯ ಸಾಲಕ್ಕಾಗಿ ಎಳೆಯ ಮಕ್ಕಳು ಹಿಂಸೆಗೊಳಗಾದರು. ಸಿಪಾಯಿಯ ಸಾಲ ಯಾರ ತಲೆಗೆ ಬರುತ್ತದೆಂಬುದನ್ನು ಹೈದರನು ಅಂದೇ ಕಂಡಿದ್ದನು. ಓದುಬರಹ ಕಲಿಯಲಿಲ್ಲ. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೆಸರು ಗಳಿಸಿ, 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದನು.

ಅಷ್ಟರಲ್ಲಿ ಸರ್ವಾಧಿಕಾರಿ ನಂಜರಾಜಯ್ಯನು ತಿರುಚಿನಾಪಳ್ಳಿಯ ಆಸೆಗೆ ಬಿದ್ದು ಮೈಸೂರಿನ ಬೊಕ್ಕಸವನ್ನು ಬರಿದುಮಾಡಿದ್ದನು. 1758ರಲ್ಲಿ ಸಂಬಳ ಕಾಣದ ಸಿಪಾಯಿಗಳು ಆತನ ಮನೆಯ ಬಾಗಿಲಲ್ಲಿ ಧರಣಿ ಕುಳಿತರು. ಲೆಕ್ಕ ನೋಡಿ ಬಾಕಿ ತೀರಿಸಿದವನು ಹೈದರ. ಅಂದಿನಿಂದ ಸಿಪಾಯಿಯ ಕಣ್ಣು ಅರಮನೆಯನ್ನು ಬಿಟ್ಟು ಆತನ ಕೈಯನ್ನು ನೋಡತೊಡಗಿತು. ಸೇನೆಯ ವೆಚ್ಚಕ್ಕೆಂದು ಸೀಮೆಗಳ ಕಂದಾಯವೂ ಆತನ ವಶವಾಯಿತು. 1761ರ ಹೊತ್ತಿಗೆ ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಸಿಂಹಾಸನ ಮಾತ್ರ ಉಳಿಯಿತು, ರಾಜ್ಯ ಸೇನಾನಿಯದಾಯಿತು.

ಆ ದಂಡು ಇಲ್ಲದಿದ್ದರೆ ಮರಾಠರು, ನಿಜಾಮ, ಇಂಗ್ಲಿಷ್ ಕಂಪನಿಗಳ ನಡುವೆ ಮೈಸೂರು ಉಳಿಯುತ್ತಿತ್ತೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ. 1769ರಲ್ಲಿ ಹೈದರನು ಮದರಾಸಿನ ಬಾಗಿಲಲ್ಲೇ ನಿಂತು ಕಂಪನಿಯನ್ನು ಸಂಧಿಗೆ ಒಪ್ಪಿಸಿದನು. 1771ರಲ್ಲಿ ಚಿನಕುರಳಿಯಲ್ಲಿ ಮರಾಠರಿಗೆ ಸೋತರೂ ಮತ್ತೆ ಎದ್ದನು. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಪಡೆಯೊಂದನ್ನು ನುಗ್ಗುಮಾಡಿದನು. ಆದರೆ ಅದೇ ದಂಡಯಾತ್ರೆಯಲ್ಲಿ, ಶತ್ರುವಿಗೆ ಆಹಾರ ಸಿಗಬಾರದೆಂದು ಮದರಾಸಿನ ಸುತ್ತಣ ಹಳ್ಳಿಗಳಿಗೆ ಬೆಂಕಿಯಿಕ್ಕಿಸಿದನು. ಅಲ್ಲಿ ಉಪವಾಸ ಬಿದ್ದ ರೈತನಿಗೆ ಯಾವ ದೊರೆಯೊಡನೆಯೂ ಜಗಳವಿರಲಿಲ್ಲ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ಬೆನ್ನುಹುಣ್ಣಿನಿಂದ ತೀರಿಕೊಂಡನು. ದೂರದಲ್ಲಿದ್ದ ಟಿಪ್ಪು ಬರುವವರೆಗೆ ಸಾವಿನ ಸುದ್ದಿಯನ್ನು ದಂಡಿನಿಂದ ಬಚ್ಚಿಡಲಾಯಿತು. ತಾನು ಕಟ್ಟಿದ ಸೇನೆಗೇ ಹೆದರಿ ಅರಸನ ಸಾವನ್ನು ಮುಚ್ಚಿಡಬೇಕಾದ ರಾಜ್ಯವದು.

1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಇಂಗ್ಲಿಷರೆದುರು ಹಿಮ್ಮೆಟ್ಟಿದ ಟಿಪ್ಪು, ಅವರಿಗೆ ಉಪಯೋಗವಾಗದಿರಲೆಂದು ಆ ಊರನ್ನೇ ಹಾಳುಗೆಡವಿಸಿದನು. ತಂದೆ ಪ್ರೀತಿಯಿಂದ ಕೊಟ್ಟ ಊರದು. ದಂಡು ನಾಡಿಗೆ ಬೇಲಿ, ಬೇಲಿಯಿಲ್ಲದೆ ಹೊಲವುಳಿಯದು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಹೇಳುವುದು ಯಾರಿಗೆ ಎಂಬುದನ್ನು ನಮ್ಮ ಸೀಮೆಯ ರೈತನು ಚೆನ್ನಾಗಿ ಬಲ್ಲನು.