ಮಾತಾಡಿದ್ರೆ ತಿರುಗೋ ಚಕ್ರ

ಥಾಮಸ್ ಆಲ್ವಾ ಎಡಿಸನ್ ಅಂದ ಕೂಡಲೇ ನಮಗೆ ನೆನಪಾಗೋದು ಬಲ್ಬು. ಸ್ವಲ್ಪ ಹೆಚ್ಚು ಓದಿಕೊಂಡವರು ಫೋನೋಗ್ರಾಫ್ ಅಂತಾರೆ. ಆದರೆ ಮೆಕ್ಯಾನಿಕಲ್ ಬ್ರಾಂಚಿನವರು ಇವನು ನಮ್ಮವನು ಅಂತ ಹೇಳಿಕೊಳ್ಳಬಹುದಾದ ಒಂದು ಯಂತ್ರವನ್ನೂ ಅವನು ಮಾಡಿದ್ದ. ಅದರ ಮುಂದೆ ಕೂತು ಮಾತಾಡಿದರೆ ಒಂದು ಚಕ್ರ ತಿರುಗುತ್ತಿತ್ತು. ಕರೆಂಟಿಲ್ಲ, ಹಬೆಯಿಲ್ಲ, ಸುತ್ತಿಟ್ಟ ಸ್ಪ್ರಿಂಗೂ ಇಲ್ಲ. ಬರೀ ಬಾಯಿ!

ಇದನ್ನು ಮಾಡಿದವನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ ಅನ್ನೋದು ಇನ್ನೂ ದೊಡ್ಡ ವಿಚಿತ್ರ.

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಒಹಾಯೋ ರಾಜ್ಯದ ಮಿಲನ್ ಎಂಬ ಊರಲ್ಲಿ. ಶಾಲೆಯ ಓದು ಕೆಲವೇ ತಿಂಗಳು, ಉಳಿದದ್ದೆಲ್ಲ ತಾಯಿಯ ಹತ್ತಿರ. ಹನ್ನೆರಡರ ಹೊತ್ತಿಗೆ ರೈಲಿನಲ್ಲಿ ಪೇಪರ್, ಮಿಠಾಯಿ ಮಾರುವ ಹುಡುಗ. ಕಿವಿ ಮಂದವಾಗತೊಡಗಿದ್ದೂ ಆ ವಯಸ್ಸಿನಲ್ಲೇ. ಕಾರಣ ಏನು ಅಂತ ಕೇಳಿದರೆ ಅವನೇ ಬೇರೆ ಬೇರೆ ಕಥೆ ಹೇಳುತ್ತಿದ್ದ, ಹಾಗಾಗಿ ಅದನ್ನು ಬಿಡೋಣ. ಹದಿಹರೆಯದಲ್ಲೇ ಟೆಲಿಗ್ರಾಫ್ ಕಲಿತು ಊರೂರು ಸುತ್ತಿದ. ಟೆಲಿಗ್ರಾಫಿನ ಟಕ್ ಟಕ್ ಸದ್ದು ಹತ್ತಿರದಲ್ಲೇ ಬಡಿಯುವುದರಿಂದ ಅದು ಅವನಿಗೆ ಸಲೀಸಾಗಿ ಸಿಗುತ್ತಿತ್ತು. ಕೋಣೆಯ ಬೇರೆ ಗದ್ದಲ ಕಿವಿಗೆ ಬೀಳದಿರುವುದೇ ಒಂದು ಅನುಕೂಲವಾಯಿತು.

ಮುಂದೆ ನ್ಯೂಯಾರ್ಕ್ ಕಡೆ ಬಂದು, ಷೇರುಪೇಟೆಯ ದರಗಳನ್ನು ಕಾಗದದ ಪಟ್ಟಿಯ ಮೇಲೆ ಅಚ್ಚು ಮಾಡುವ ಟಿಕರ್ ಯಂತ್ರಗಳನ್ನು ಸುಧಾರಿಸಿದ. ಈ ಟಿಕರ್ ಒಳಗಿದ್ದದ್ದೇನು? ತಂತಿಯಲ್ಲಿ ಒಂದೊಂದು ವಿದ್ಯುತ್ ಮಿಡಿತ ಬಂದಾಗಲೂ ಅಕ್ಷರದ ಚಕ್ರ ಒಂದೊಂದು ಹೆಜ್ಜೆ ತಿರುಗುವ ಏರ್ಪಾಡು. ಹಿಂದಕ್ಕೂ ಮುಂದಕ್ಕೂ ಆಡುವ ಚಲನೆಯನ್ನು ಒಂದೇ ದಿಕ್ಕಿನ ತಿರುಗಾಟವಾಗಿ ಮಾಡುವುದು. 1876ರಲ್ಲಿ ಪೇಟೆಂಟ್ ಪಡೆದ ಎಲೆಕ್ಟ್ರಿಕ್ ಪೆನ್ ಇದಕ್ಕೆ ಪೂರಾ ಉಲ್ಟಾ. ಅದರಲ್ಲಿ ಪುಟ್ಟ ಮೋಟಾರು ತಿರುಗಿದರೆ ಸೂಜಿ ಮೇಲೆ ಕೆಳಗೆ ಕುಣಿದು ಕಾಗದಕ್ಕೆ ತೂತು ಹಾಕುತ್ತಿತ್ತು. ಅಂದರೆ ಕಂಪನ ಮತ್ತು ತಿರುಗಾಟದ ನಡುವಿನ ದಾರಿಯಲ್ಲಿ ಅವನು ಎರಡೂ ಕಡೆಯಿಂದ ಓಡಾಡಿದವನು.

ಅದೇ ವರ್ಷ ನ್ಯೂಜೆರ್ಸಿಯ ಮೆನ್ಲೋ ಪಾರ್ಕಿನಲ್ಲಿ ಲ್ಯಾಬ್ ಕಟ್ಟಿದ. ಟೆಲಿಫೋನ್ ಬಂದ ಹೊಸತು. ಡಯಾಫ್ರಂ ಎದುರು ಮಾತಾಡಿದರೆ ಅದೆಷ್ಟು ಅಲ್ಲಾಡುತ್ತದೆ ಅನ್ನೋದನ್ನು ಕಿವಿಯಿಂದ ಅಳೆಯಲು ಇವನಿಗೆ ಆಗದು. ಹಾಗಾಗಿ ಡಯಾಫ್ರಂಗೆ ಸೂಜಿ ಅಂಟಿಸಿ, ಬೆರಳಿಟ್ಟು, ಚುಚ್ಚಿದ್ದು ಎಷ್ಟು ಅಂತ ನೋಡುತ್ತಿದ್ದ. ಇನ್ನೊಂದು ಆಟಿಕೆಯ ಕಥೆಯನ್ನೂ ಅವನು ಮುಂದೆ ಹೇಳಿಕೊಂಡಿದ್ದಾನೆ. ಒಂದು ಆಲಿಕೆ, ಅದರ ಕೆಳಗೆ ಡಯಾಫ್ರಂ, ಅದಕ್ಕೆ ಜೋಡಿಸಿದ ಕೊಕ್ಕೆ, ಹಲ್ಲಿನ ಚಕ್ರ, ಚಕ್ರದಿಂದ ದಾರ, ದಾರದ ತುದಿಗೆ ಮರ ಕೊಯ್ಯುವ ರಟ್ಟಿನ ಮನುಷ್ಯ. ಆಲಿಕೆಯೊಳಗೆ ಶಿಶುಗೀತೆ ಹಾಡಿದರೆ ರಟ್ಟಿನ ಮನುಷ್ಯ ಗರಗಸ ಎಳೆಯೋಕೆ ಶುರು ಮಾಡುತ್ತಿದ್ದ!

ನಗು ಬರುತ್ತೆ ಅಲ್ವಾ? ಆದರೆ ಈ ಆಟಿಕೆಯಲ್ಲೇ ವಿಷಯ ಇರೋದು. ಕಿವಿ ಚೆನ್ನಾಗಿರುವ ನಮಗೆ ಮಾತು ಅಂದ್ರೆ ಅರ್ಥ. ಎಡಿಸನ್‌ಗೆ ಅದು ತಳ್ಳುವ ಒಂದು ಬಲ. ಬಲ ಅಂದಮೇಲೆ ಅದು ಕೆಲಸ ಮಾಡುತ್ತದೆ. ಗರಗಸ ಎಳೆಯುವಷ್ಟು ಕಸುವಿದ್ದರೆ ಮೆತ್ತಗಿನ ವಸ್ತುವಿನ ಮೇಲೆ ಗೆರೆ ಕೊರೆಯೋಕೂ ಸಾಕು. 1877ರ ಜುಲೈನಲ್ಲಿ ಮೇಣ ಸವರಿದ ಕಾಗದದ ಮೇಲೆ ಕೂಗಿ ನೋಡಿದ. ಡಿಸೆಂಬರ್ ಹೊತ್ತಿಗೆ ಅವನ ಕೆಲಸಗಾರ ಜಾನ್ ಕ್ರುಯೇಸಿ ತವರದ ಹಾಳೆ ಸುತ್ತಿದ ಸಿಲಿಂಡರ್ ಮಾಡಿಕೊಟ್ಟ. ಅದು ಹೇಳಿದ್ದನ್ನು ತಿರುಗಿ ಹೇಳಿತು. 1878ರ ಫೆಬ್ರವರಿಯಲ್ಲಿ ಫೋನೋಗ್ರಾಫಿಗೆ ಪೇಟೆಂಟ್ ಸಿಕ್ಕಿತು. ಈ ಕಥೆ ಎಲ್ಲರಿಗೂ ಗೊತ್ತು.

ಎಲ್ಲರಿಗೂ ಗೊತ್ತಿಲ್ಲದ್ದು ಏನಂದ್ರೆ, ಅಷ್ಟು ದೊಡ್ಡ ಹೆಸರು ಬಂದ ಮೇಲೂ ಅವನು ಆ ಆಟಿಕೆಯನ್ನು ಬಿಡಲಿಲ್ಲ. ಅದನ್ನೇ ಗಟ್ಟಿಯಾಗಿ ಕಟ್ಟಿ, ವೋಕಲ್ ಎಂಜಿನ್ ಅಂತ ಹೆಸರಿಟ್ಟು 1878ರಲ್ಲಿ ಪೇಟೆಂಟ್ ಮಾಡಿಸಿದ. ಫೋನೋಮೋಟಾರ್ ಅನ್ನೋ ಹೆಸರೂ ಇತ್ತು. ಕೆಲಸ ಮಾಡೋ ರೀತಿ ಬಹಳ ಸರಳ. ಬಾಯಿಟ್ಟು ಮಾತಾಡಲು ಒಂದು ಕೊಳವೆ. ಡಯಾಫ್ರಂ ಮುಂದಕ್ಕೆ ಬಂದಾಗ ಅದಕ್ಕಂಟಿದ ಪಾಲ್, ಅಂದರೆ ಸಣ್ಣ ಕೊಕ್ಕೆ, ಚಕ್ರವನ್ನು ತಳ್ಳುತ್ತದೆ. ಹಿಂದಕ್ಕೆ ಹೋದಾಗ ಸುಮ್ಮನೆ ಹಲ್ಲಿನ ಮೇಲೆ ಜಾರುತ್ತದೆ. ಸೈಕಲ್ಲಿನ ಫ್ರೀವೀಲ್ ಟಿಕ್ ಟಿಕ್ ಅನ್ನುತ್ತಲ್ಲ, ಅದೇ ರ‍್ಯಾಚೆಟ್. ಜೊತೆಗೆ ಒಂದು ಫ್ಲೈವೀಲ್. ಮಾತಿನ ನಡುವೆ ಉಸಿರು ತಗೊಂಡಾಗ ಚಕ್ರ ನಿಂತುಬಿಡಬಾರದಲ್ಲ!

ಕಷ್ಟ ಇರೋದು ಹಲ್ಲಿನಲ್ಲಿ. ಡಯಾಫ್ರಂ ಅಲ್ಲಾಡುವುದು ಮಿಲಿಮೀಟರಿನ ಸಣ್ಣ ಪಾಲಿನಷ್ಟು. ಹಲ್ಲು ಅದಕ್ಕಿಂತ ದೊಡ್ಡದಾದರೆ ಕೊಕ್ಕೆ ಅಲ್ಲೇ ಗಡಗಡ ಅನ್ನುತ್ತದೆ, ಚಕ್ರ ಕದಲೋದಿಲ್ಲ. ಆದ್ದರಿಂದ ಹಲ್ಲುಗಳು ತೀರಾ ಸಣ್ಣಗಿರಬೇಕು. ಲೆಕ್ಕಕ್ಕೆ ಚಕ್ರದಲ್ಲಿ 400 ಹಲ್ಲು, ದನಿ ಸೆಕೆಂಡಿಗೆ 200 ಕಂಪನ ಅಂದುಕೊಳ್ಳಿ. ಕಂಪನಕ್ಕೊಂದು ಹಲ್ಲು ಸರಿದರೆ ಸೆಕೆಂಡಿಗೆ ಅರ್ಧ ಸುತ್ತು, ಅಂದರೆ 30 ಆರ್‌ಪಿಎಂ. ಪರವಾಗಿಲ್ಲ!

ಮಾತಾಡಿಯೇ ಹಲಗೆಗೆ ತೂತು ಕೊರೆಯಬಹುದು ಅನ್ನೋ ಸುದ್ದಿ ಹಬ್ಬಿತು. ವೇಗ ಸಿಕ್ಕಿತು ಸರಿ, ಪವರ್ ಎಲ್ಲಿಂದ ಬರಬೇಕು? ಸಾಮಾನ್ಯ ಮಾತಿನಲ್ಲಿ ಹೊರಬೀಳುವ ಶಬ್ದಶಕ್ತಿ ಕೆಲವು ಹತ್ತು ಮೈಕ್ರೋವ್ಯಾಟ್ ಅಷ್ಟೇ. 20 ಅಂತ ಹಿಡಿದರೂ, ಒಂದು 10 ವ್ಯಾಟ್ ಎಲ್‌ಇಡಿ ಬಲ್ಬಿನಷ್ಟು ಪವರಿಗೆ 5 ಲಕ್ಷ ಜನ ಒಟ್ಟಿಗೆ ಮಾತಾಡಬೇಕು, ಅದೂ ಒಂದು ಚೂರೂ ಪೋಲಾಗದೆ. ನಮ್ಮ ಫೆಸ್ಟಿನ ಕೊನೆಯ ದಿನದ ಕಿರುಚಾಟದಿಂದಲೂ ಆಗದ ಕೆಲಸ.

ಹಾಗಂತ ಐಡಿಯಾ ಕೆಟ್ಟದ್ದು ಅಂತ ನನಗನ್ನಿಸೋದಿಲ್ಲ. ಸೋತದ್ದು ಶಕ್ತಿಯ ಮೂಲ, ಯಾಂತ್ರಿಕತೆಯಲ್ಲ. ದನಿಯ ಜಾಗದಲ್ಲಿ ಪೀಜೋ ಸೆರಾಮಿಕ್ ಇಟ್ಟು, ಹಲ್ಲಿನ ಬದಲು ಘರ್ಷಣೆ ಬಳಸಿದರೆ ಅದೇ ಅಲ್ಟ್ರಾಸಾನಿಕ್ ಮೋಟಾರ್. 1987ರಲ್ಲಿ ಕ್ಯಾನನ್ ಕಂಪನಿ ಅದನ್ನು ಕ್ಯಾಮೆರಾ ಲೆನ್ಸಿಗೆ ತಂದಿತು. ಫೋಕಸ್ ಮಾಡೋವಾಗ ತಿರುಗುವ ಆ ಉಂಗುರವನ್ನು ತಳ್ಳುತ್ತಿರುವುದು ನಡುಕವೇ.

ಎಡಿಸನ್ ಮಾತ್ರ ಅಷ್ಟು ಹೊತ್ತು ಕಾಯಲಿಲ್ಲ. 1878ರ ಸೆಪ್ಟೆಂಬರಿನಲ್ಲಿ ಕನೆಕ್ಟಿಕಟ್‌ನಲ್ಲಿ ವಿಲಿಯಂ ವಾಲೇಸನ ಆರ್ಕ್ ದೀಪಗಳನ್ನು ನೋಡಿ ಬಂದವನೇ ಬೆಳಕಿನ ಹಿಂದೆ ಬಿದ್ದ. ಮಾತಿನ ಎಂಜಿನ್ ಮೂಲೆಗೆ ಹೋಯಿತು. ಫೋನೋಗ್ರಾಫ್ ಕೂಡ ಸುಮಾರು ಹತ್ತು ವರ್ಷ ಹಾಗೇ ಬಿದ್ದಿತ್ತು. ಆಮೇಲಿನ ಬಲ್ಬು, 1882ರ ಪರ್ಲ್ ಸ್ಟ್ರೀಟ್ ಪವರ್ ಸ್ಟೇಷನ್, ಡಿಸಿ–ಎಸಿ ಜಗಳ ಎಲ್ಲ ಪಠ್ಯಪುಸ್ತಕದಲ್ಲಿದೆ.

ಮುಂದೆ ರೆಕಾರ್ಡ್ ವ್ಯಾಪಾರಕ್ಕೆ ಮರಳಿದಾಗ ಯಾರ ಹಾಡು ಹೊರಬರಬೇಕು ಅಂತ ಅವನೇ ತೀರ್ಮಾನಿಸುತ್ತಿದ್ದ. ಕೇಳಿಸದಿದ್ದರೆ ಯಂತ್ರದ ಮರಕ್ಕೆ ಹಲ್ಲು ಕಚ್ಚಿ ಹಿಡಿಯುತ್ತಿದ್ದ. ಕಂಪನ ದವಡೆಯ ಮೂಲಕ ಒಳಕಿವಿಗೆ ಹೋಗುತ್ತಿತ್ತು. 1931ರ ಅಕ್ಟೋಬರ್ 18ರಂದು ವೆಸ್ಟ್ ಆರೆಂಜ್‌ನ ಮನೆಯಲ್ಲಿ ತೀರಿಕೊಂಡಾಗ ಅವನ ಹೆಸರಲ್ಲಿ ಅಮೆರಿಕದ 1,093 ಪೇಟೆಂಟುಗಳಿದ್ದವು. ವೋಕಲ್ ಎಂಜಿನ್ ಅವುಗಳಲ್ಲಿ ಒಂದು. ಅವನು ಕಚ್ಚಿದ ಗುರುತು ಇರುವ ಫೋನೋಗ್ರಾಫ್ ಇವತ್ತಿಗೂ ಉಳಿದಿದೆ.