ಸೇವಕನ ನಂಬಿಕೆಯೋ, ಮಗನ ನಂಬಿಕೆಯೋ? – ಜಾನ್ ವೆಸ್ಲಿಯವರ ಜೀವನದಿಂದ ಒಂದು ಪಾಠ

  

ಕಳೆದ ಭಾನುವಾರ ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯದಿಂದ ಕೊರ್ನೇಲ್ಯನ ಬಗ್ಗೆ ಧ್ಯಾನ ಮಾಡಿದೆವು. ಆ ಮನುಷ್ಯ ದೇವಭಕ್ತ, ದಾನಧರ್ಮ ಮಾಡುವವನು, ತಪ್ಪದೆ ಪ್ರಾರ್ಥನೆ ಮಾಡುವವನು. ಇಷ್ಟೆಲ್ಲಾ ಇದ್ದರೂ ದೇವದೂತ ಬಂದು ಅವನಿಗೆ ಏನು ಹೇಳಿದ? ಪೇತ್ರನನ್ನು ಕರೆಸು, ರಕ್ಷಣೆಯ ಮಾತು ಅವನಿಂದ ಕೇಳು ಅಂದ. ಅಂದರೆ ಭಕ್ತಿ ಇತ್ತು, ಆದರೆ ಇನ್ನೂ ಒಂದು ಬೇಕಾಗಿತ್ತು. ಕೂಟ ಮುಗಿದ ಮೇಲೆ ಕೆಲವರು ನನ್ನನ್ನು ಕೇಳಿದರು: ಪಾಸ್ಟರ್, ಇಷ್ಟು ಭಕ್ತಿ ಇರುವವರಿಗೆ ನಂಬಿಕೆ ಇಲ್ಲದೆ ಇರುತ್ತಾ? ಅದು ಹೇಗೆ ಸಾಧ್ಯ? ಒಳ್ಳೆಯ ಪ್ರಶ್ನೆ. ಉತ್ತರವಾಗಿ ಈ ದಿನ ಒಬ್ಬ ದೇವಸೇವಕರ ಜೀವನವನ್ನು ನಿಮ್ಮ ಮುಂದೆ ಇಡುತ್ತೇನೆ. ಅವರ ಹೆಸರು ಜಾನ್ ವೆಸ್ಲಿ.

ಮೈಸೂರಿನ ಕಡೆಯವರಿಗೆ ಈ ಹೆಸರು ಹೊಸದಲ್ಲ. ವೆಸ್ಲಿಯವರು ನಮ್ಮ ದೇಶಕ್ಕೆ ಬರಲಿಲ್ಲ, ಆದರೆ ಅವರ ಹೆಸರಿನ ಮಿಷನ್ ಬಂತು. 1821ರಲ್ಲಿ ವೆಸ್ಲಿಯನ್ ಮಿಷನರಿಗಳು ಬೆಂಗಳೂರಿಗೆ ಬಂದರು. ಮುಂದೆ ಮೈಸೂರಿನಲ್ಲಿ ಅವರ ಪ್ರೆಸ್ ಇತ್ತು, 1887ರಲ್ಲಿ ವೃತ್ತಾಂತ ಪತ್ರಿಕೆಯನ್ನು ಹೊರಡಿಸಿದವರೂ ಅವರೇ. ನಮ್ಮ ಪೆಂತೆಕೊಸ್ತ ಸಭೆಗಳ ಬೇರು ಹುಡುಕಿಕೊಂಡು ಹಿಂದೆ ಹೋದರೂ ವೆಸ್ಲಿಯವರು ಸಿಗುತ್ತಾರೆ. ಅವರ ಮೆಥಡಿಸ್ಟ್ ಚಳುವಳಿಯಿಂದ ಪರಿಶುದ್ಧತೆಯ ಉಜ್ಜೀವನ ಬಂತು, ಅದರಿಂದಲೇ 1906ರ ಅಜೂಸಾ ಬೀದಿಯ ಉಜ್ಜೀವನಕ್ಕೆ ದಾರಿಯಾಯಿತು. ಆದ್ದರಿಂದ ಈ ದಿನ ನಾವು ಹೊರಗಿನವರ ಕಥೆ ಕೇಳ್ತಾ ಇಲ್ಲ, ನಮ್ಮ ಮನೆಯ ಹಿರಿಯರ ಕಥೆ ಕೇಳ್ತಾ ಇದ್ದೇವೆ.

ವೆಸ್ಲಿ ಹುಟ್ಟಿದ್ದು 1703ರಲ್ಲಿ, ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ. ತಂದೆ ಸ್ಯಾಮುಯೆಲ್ ಆ ಊರಿನ ಸಭಾಪಾಲಕರು. ತಾಯಿ ಸುಸನ್ನ ಪ್ರಾರ್ಥನಾ ವೀರೆ. 19 ಮಕ್ಕಳನ್ನು ಹೆತ್ತ ತಾಯಿ ಅವರು, ಅದರಲ್ಲಿ ಎಷ್ಟೋ ಮಕ್ಕಳು ಎಳೆತನದಲ್ಲೇ ತೀರಿಹೋದವು. ಉಳಿದ ಮಕ್ಕಳಿಗೆ ಆ ತಾಯಿ ಮನೆಯಲ್ಲೇ ಅಕ್ಷರ ಕಲಿಸಿದರು, ವಾಕ್ಯ ಕಲಿಸಿದರು. 1709ರಲ್ಲಿ ಒಂದು ರಾತ್ರಿ ಮನೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ಬಂದರು, ಐದು ವರ್ಷದ ಜಾನ್ ಮಾತ್ರ ಮೇಲಿನ ಕೋಣೆಯಲ್ಲಿ ಉಳಿದುಬಿಟ್ಟ. ಕಿಟಕಿಯ ಹತ್ತಿರ ನಿಂತಿದ್ದ ಮಗುವನ್ನು ನೋಡಿ, ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಹತ್ತಿ ಅವನನ್ನು ಇಳಿಸಿಕೊಂಡರು. ಸ್ವಲ್ಪ ಹೊತ್ತಿಗೆಲ್ಲಾ ಛಾವಣಿ ಕುಸಿಯಿತು. ಆ ತಾಯಿಗೆ ಅವತ್ತೇ ಅನಿಸಿತು, ಈ ಮಗುವನ್ನು ದೇವರು ಒಂದು ಉದ್ದೇಶಕ್ಕಾಗಿ ಉಳಿಸಿದ್ದಾನೆ ಅಂತ.

ಈಗ ಯೋಚನೆ ಮಾಡಿ. ತಂದೆ ಸಭಾಪಾಲಕರು, ತಾಯಿ ಪ್ರಾರ್ಥಿಸುವವರು, ಜೀವನದಲ್ಲಿ ಒಂದು ಅದ್ಭುತವೂ ಆಯಿತು. ಸಾಕ್ಷಿ ಹೇಳೋದಕ್ಕೆ ಇನ್ನೇನು ಬೇಕು? ಆದರೆ ಬೆಂಕಿಯಿಂದ ಪಾರಾಗುವುದು ಬೇರೆ, ಪಾಪದಿಂದ ಪಾರಾಗುವುದು ಬೇರೆ.

ವೆಸ್ಲಿ ಆಕ್ಸ್‌ಫರ್ಡಿಗೆ ಓದಲು ಹೋದರು. 1725ರಲ್ಲಿ ಗುರುದೀಕ್ಷೆಯ ಮೊದಲನೆ ಮೆಟ್ಟಿಲು, 1728ರಲ್ಲಿ ಪೂರ್ಣ ಗುರುದೀಕ್ಷೆ. ತಮ್ಮ ಚಾರ್ಲ್ಸ್ ಮತ್ತು ಕೆಲವು ಸ್ನೇಹಿತರು ಸೇರಿ ಒಂದು ಪವಿತ್ರ ಕೂಟ ನಡೆಸುತ್ತಿದ್ದರು, ಅದಕ್ಕೆ ಇವರೇ ನಾಯಕರಾದರು. ಅವರ ಶಿಸ್ತು ಕೇಳಿದರೆ ನಮಗೆ ನಾಚಿಕೆಯಾಗಬೇಕು. ಬುಧವಾರ ಮತ್ತು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಯವರೆಗೆ ಉಪವಾಸ. ವಾರವಾರವೂ ಕರ್ತನ ಭೋಜನ. ಗ್ರೀಕ್ ಭಾಷೆಯಲ್ಲಿ ಹೊಸ ಒಡಂಬಡಿಕೆಯ ಅಧ್ಯಯನ. ಜೈಲಿಗೆ ಹೋಗಿ ಕೈದಿಗಳಿಗೆ ಪ್ರಾರ್ಥನೆ. ಉಳಿದ ವಿದ್ಯಾರ್ಥಿಗಳು ನಗಾಡಿ, ಎಲ್ಲದಕ್ಕೂ ಒಂದು ಪದ್ಧತಿ ಇಟ್ಟುಕೊಂಡವರು ಎಂಬ ಅರ್ಥದಲ್ಲಿ ಮೆಥಡಿಸ್ಟ್ ಅಂತ ಹೆಸರಿಟ್ಟರು.

ಇನ್ನು ಅವರ ದಾನ. ಒಂದು ವರ್ಷ ಅವರ ಆದಾಯ 30 ಪೌಂಡ್. 28ರಲ್ಲಿ ಜೀವನ ಮಾಡಿ 2 ಪೌಂಡ್ ಬಡವರಿಗೆ ಕೊಟ್ಟರು. ಮುಂದಿನ ವರ್ಷ ಆದಾಯ 60 ಆಯಿತು. ಆಗಲೂ 28ರಲ್ಲೇ ಜೀವನ, 32 ಪೌಂಡ್ ದಾನ. ಮೂರನೆಯ ವರ್ಷ 90 ಬಂತು, 62 ಕೊಟ್ಟರು. ನಾವು ದಶಮಾಂಶ ಕೊಡೋದಕ್ಕೇ ಹತ್ತು ಸಲ ಲೆಕ್ಕ ಹಾಕ್ತೀವಿ. ಈ ಮನುಷ್ಯ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಕೊಡುತ್ತಾ ಇದ್ದರು!

ಆದರೆ ಒಳಗೆ ಸಮಾಧಾನ ಇರಲಿಲ್ಲ. ಇನ್ನೂ ಹೆಚ್ಚು ಉಪವಾಸ ಮಾಡಿದರೆ ಸರಿಹೋಗಬಹುದು, ಇನ್ನೂ ದೂರ ಹೋಗಿ ಸೇವೆ ಮಾಡಿದರೆ ಸರಿಹೋಗಬಹುದು. ಹೀಗೆ ಯೋಚಿಸಿ 1735ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೊರಟರು. ತಮ್ಮ ಆತ್ಮವನ್ನು ರಕ್ಷಿಸಿಕೊಳ್ಳುವುದೇ ಆ ಪ್ರಯಾಣದ ಮುಖ್ಯ ಉದ್ದೇಶ ಎಂದು ಅವರೇ ಬರೆದಿಟ್ಟಿದ್ದಾರೆ. ಗಮನಿಸಿದ್ರಾ? ರಕ್ಷಣೆ ಸಿಕ್ಕಿದ್ದಕ್ಕಾಗಿ ಸೇವೆಗೆ ಹೋಗಲಿಲ್ಲ, ರಕ್ಷಣೆ ಸಿಗಲಿ ಅಂತ ಸೇವೆಗೆ ಹೋದರು.

ಅದೇ ಹಡಗಿನಲ್ಲಿ ಜರ್ಮನಿಯ ಮೊರಾವಿಯನ್ ವಿಶ್ವಾಸಿಗಳು 26 ಮಂದಿ ಇದ್ದರು. ಹಡಗಿನಲ್ಲಿ ಯಾರೂ ಮಾಡಲು ಒಪ್ಪದ ಕೀಳು ಕೆಲಸಗಳನ್ನು ಅವರು ಮಾಡುತ್ತಿದ್ದರು, ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. 1736ರ ಜನವರಿಯಲ್ಲಿ ಭಾರೀ ಬಿರುಗಾಳಿ ಎದ್ದಿತು. ಅವರು ಕೀರ್ತನೆ ಹಾಡುತ್ತಾ ಆರಾಧನೆ ಶುರು ಮಾಡಿದ್ದಾಗಲೇ ಅಲೆ ಬಂದು ದೊಡ್ಡ ಹಾಯಿಯನ್ನು ಹರಿದು, ಹಡಗಿನ ಮೇಲೆಲ್ಲಾ ನೀರು ನುಗ್ಗಿತು. ಇಂಗ್ಲಿಷರು ಕಿರುಚಾಡಿದರು. ಮೊರಾವಿಯನ್ನರು ತಲೆಯೆತ್ತಿ ನೋಡಿದರು, ಹಾಡು ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ವೆಸ್ಲಿ ಅವರಲ್ಲಿ ಒಬ್ಬರನ್ನು ವಿಚಾರಿಸಿದರು, ಹೆದರಿಕೆ ಆಗಲಿಲ್ಲವಾ ಅಂತ. ಇಲ್ಲ ಎಂದು ಉತ್ತರ ಬಂತು. ನಿಮ್ಮ ಹೆಂಗಸರು ಮಕ್ಕಳಿಗೂ ಆಗಲಿಲ್ಲವಾ ಅಂದರೆ, ಅವರಿಗೂ ಸಾಯಲು ಭಯವಿಲ್ಲ ಅಂದರು. ಗುರುದೀಕ್ಷೆಯಾಗಿ, ಉಪವಾಸ ಮಾಡಿ, ಆಸ್ತಿ ಹಂಚಿ ಬಂದ ವೆಸ್ಲಿಗೆ ಸಾವಿನ ಭಯ ಇತ್ತು. ಆ ಚಿಕ್ಕ ಮಕ್ಕಳಿಗೆ ಇರಲಿಲ್ಲ.

ದಡ ಸೇರಿದ ಮೇಲೆ ಸ್ಪಾಂಗೆನ್‌ಬರ್ಗ್ ಎಂಬ ಮೊರಾವಿಯನ್ ಸೇವಕರು ನೇರವಾಗಿ ಕೇಳಿದರು, ಯೇಸು ಕ್ರಿಸ್ತನನ್ನು ಬಲ್ಲಿರಾ ಅಂತ. ವೆಸ್ಲಿ ತಡವರಿಸಿ, ಆತನು ಲೋಕರಕ್ಷಕನೆಂದು ಬಲ್ಲೆ ಅಂದರು. ಅದು ಸರಿ, ಆದರೆ ನಿಮ್ಮನ್ನು ರಕ್ಷಿಸಿದ್ದಾನೆ ಅಂತ ಬಲ್ಲಿರಾ ಅಂತ ಮರುಪ್ರಶ್ನೆ. ನನಗಾಗಿಯೂ ಸತ್ತಿದ್ದಾನೆಂದು ಆಶಿಸುತ್ತೇನೆ ಎಂಬ ಉತ್ತರ. ಆ ಉತ್ತರದಲ್ಲಿ ಸತ್ವ ಇರಲಿಲ್ಲ ಅಂತ ಅವರಿಗೇ ಅನಿಸಿತು.

ದೇವಜನರೇ, ಇಡೀ ಸಂದೇಶ ಇಲ್ಲಿದೆ. ಲೋಕರಕ್ಷಕ ಎನ್ನುವುದು ಬೇರೆ, ನನ್ನ ರಕ್ಷಕ ಎನ್ನುವುದು ಬೇರೆ. ಮೊದಲನೆಯದನ್ನು ಸಂಡೇ ಸ್ಕೂಲಿನಲ್ಲಿ ಕಲಿಸಬಹುದು. ಎರಡನೆಯದನ್ನು ಪವಿತ್ರಾತ್ಮನೇ ತೋರಿಸಬೇಕು.

ಜಾರ್ಜಿಯಾದ ಸೇವೆ ಸೋತುಹೋಯಿತು. ಅಲ್ಲಿನ ಮೂಲನಿವಾಸಿಗಳಿಗೆ ಸುವಾರ್ತೆ ಹೇಳಬೇಕೆಂದು ಹೋಗಿದ್ದರು, ಆ ಕೆಲಸ ಹೆಚ್ಚು ಕಡಿಮೆ ನಡೆಯಲೇ ಇಲ್ಲ. ಅವರು ಮನಸ್ಸಿಟ್ಟಿದ್ದ ಒಬ್ಬ ಯುವತಿ ಬೇರೊಬ್ಬರನ್ನು ಮದುವೆಯಾದಳು. ಕೆಲವು ತಿಂಗಳಾದ ಮೇಲೆ ವೆಸ್ಲಿ ಸಭೆಯ ನಿಯಮ ತೋರಿಸಿ ಆಕೆಗೆ ಕರ್ತನ ಭೋಜನವನ್ನು ನಿರಾಕರಿಸಿದರು. ವಿಷಯ ಕೋರ್ಟಿಗೆ ಹೋಯಿತು. 1737ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಟುಬಂದರು. ನಿಯಮ ಇತ್ತು, ಪ್ರೀತಿ ಇರಲಿಲ್ಲ. ಧರ್ಮ ಮಾತ್ರ ಇದ್ದು ಕೃಪೆ ಇಲ್ಲದ ಕಡೆ ಹೀಗೇ ಆಗುತ್ತದೆ, ಕರ್ತನ ಮೇಜು ಕೂಡ ಕೋಲಾಗಿಬಿಡುತ್ತದೆ. ವಾಪಸ್ ಬರುವಾಗ ವೆಸ್ಲಿ ತಮ್ಮ ದಿನಚರಿಯಲ್ಲಿ ಒಪ್ಪಿಕೊಂಡರು: ಬೇರೆಯವರನ್ನು ಮಾರ್ಪಡಿಸಲು ಹೋದ ನಾನೇ ಇನ್ನೂ ಮಾರ್ಪಟ್ಟಿಲ್ಲ ಅಂತ.

1738ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಪೀಟರ್ ಬೋಲರ್ ಎಂಬ ಮೊರಾವಿಯನ್ ಯುವಕನ ಪರಿಚಯವಾಯಿತು. ವಯಸ್ಸು ಬರೀ 25. ಆಕ್ಸ್‌ಫರ್ಡಿನ ಪಂಡಿತರು ಈ ಯುವಕನ ಮುಂದೆ ಶಿಷ್ಯನ ಹಾಗೆ ಕುಳಿತರು. ನಿಜವಾದ ನಂಬಿಕೆ ಇದ್ದರೆ ಪಾಪಕ್ಷಮೆಯ ನಿಶ್ಚಯವೂ ಸಮಾಧಾನವೂ ಇರುತ್ತದೆ ಅಂತ ಬೋಲರ್ ಹೇಳಿದಾಗ ವೆಸ್ಲಿ ಒಪ್ಪಲಿಲ್ಲ, ಗ್ರೀಕ್ ಒಡಂಬಡಿಕೆ ತೆಗೆದು ಹುಡುಕಿದರು. ನೋಡಿದರೆ ಅಲ್ಲಿಯೂ ಅದೇ! ಹಾಗಾದರೆ ನಾನು ಪ್ರಸಂಗ ಮಾಡುವುದನ್ನೇ ನಿಲ್ಲಿಸಲಾ ಎಂದು ಕೇಳಿದರು. ನಿಲ್ಲಿಸಬೇಡಿ, ನಂಬಿಕೆ ಸಿಗುವವರೆಗೂ ಅದನ್ನೇ ಸಾರಿ, ಸಿಕ್ಕ ಮೇಲೆ ಸಿಕ್ಕಿತೆಂಬ ಕಾರಣಕ್ಕೇ ಸಾರುತ್ತೀರಿ ಎಂಬುದು ಬೋಲರ್ ಕೊಟ್ಟ ಬುದ್ಧಿ. ಕ್ರಿಸ್ತನಲ್ಲಿ ಬರೀ ನಂಬಿಕೆಯಿಂದಲೇ ರಕ್ಷಣೆ ಎಂಬ ಸುವಾರ್ತೆಯನ್ನು ವೆಸ್ಲಿ ಮೊದಲು ಹೇಳಿದ್ದು ಮರಣದಂಡನೆ ಆಗಿದ್ದ ಒಬ್ಬ ಕೈದಿಗೆ. ಯಾಕೆ ಗೊತ್ತಾ? ಸಾಯುವ ದಿನ ಹತ್ತಿರ ಇರುವ ಆ ಮನುಷ್ಯನಿಗೆ ಇನ್ನು ಒಳ್ಳೆಯ ಕ್ರಿಯೆ ಮಾಡಿ ತೋರಿಸಲು ಸಮಯವೇ ಇಲ್ಲ. ಕೃಪೆ ಬಿಟ್ಟರೆ ಅವನಿಗೆ ಗತಿಯಿಲ್ಲ. ನಮಗೂ ಇಲ್ಲ!

ಮೇ 21, ಪೆಂತೆಕೊಸ್ತ ದಿನ. ಅವತ್ತು ತಮ್ಮ ಚಾರ್ಲ್ಸ್‌ಗೆ ಬಿಡುಗಡೆ ಸಿಕ್ಕಿತು. ಮೂರು ದಿನವಾದ ಮೇಲೆ, ಮೇ 24ರ ಬುಧವಾರ, ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟಕ್ಕೆ ಜಾನ್ ಹೋದರು. ಮನಸ್ಸಿಲ್ಲದ ಮನಸ್ಸಿನಿಂದಲೇ ಹೋದರು. ಅಲ್ಲಿ ಯಾರೋ ಒಬ್ಬರು ರೋಮಾಪುರದವರ ಪತ್ರಿಕೆಗೆ ಮಾರ್ಟಿನ್ ಲೂಥರ್ ಬರೆದ ಪೀಠಿಕೆಯನ್ನು ಓದುತ್ತಾ ಇದ್ದರು. ವಾದ್ಯ ಇಲ್ಲ, ದೊಡ್ಡ ಪ್ರಸಂಗಿ ಇಲ್ಲ. ರಾತ್ರಿ ಒಂಬತ್ತಕ್ಕೆ ಸುಮಾರು ಕಾಲು ಗಂಟೆ ಇರುವಾಗ, ಕ್ರಿಸ್ತನಲ್ಲಿ ಇಡುವ ನಂಬಿಕೆಯ ಮೂಲಕ ದೇವರು ಹೃದಯವನ್ನು ಹೇಗೆ ಬದಲಾಯಿಸುತ್ತಾನೆ ಎಂಬ ಭಾಗ ಬಂತು. ಕೇಳುತ್ತಿದ್ದ ವೆಸ್ಲಿಯ ಹೃದಯದೊಳಗೆ ಒಂದು ಬಿಸಿ ತಗುಲಿತು. ಈಗ ತಾನು ಕ್ರಿಸ್ತನೊಬ್ಬನಲ್ಲೇ ಭರವಸೆ ಇಟ್ಟಿದ್ದೇನೆ ಎಂದು ಗೊತ್ತಾಯಿತು. ತನ್ನ ಪಾಪಗಳನ್ನೇ ಆತನು ತೆಗೆದುಹಾಕಿದ್ದಾನೆ ಎಂಬ ನಿಶ್ಚಯ ಬಂತು. ದೀಕ್ಷೆಯಾಗಿ 13 ವರ್ಷ ಕಳೆದ ಮೇಲೆ! ದೇವರಿಗೆ ಸ್ತೋತ್ರ!

ಅವತ್ತು ಅವರು ಮೊದಲು ಮಾಡಿದ್ದೇನು? ತಮಗೆ ಕೇಡು ಮಾಡಿದವರಿಗಾಗಿ ಪ್ರಾರ್ಥನೆ. ಜಾರ್ಜಿಯಾದಲ್ಲಿ ಇಲ್ಲದ ಪ್ರೀತಿ ಈಗ ಬಂತು. ಶೋಧನೆಗಳು ನಿಂತವಾ? ಇಲ್ಲ, ಅದೇ ರಾತ್ರಿ ಬಂದವು. ಸಂತೋಷ ಎಲ್ಲಿ ಅಂತ ಶತ್ರು ಕೇಳಿದ. ಆದರೆ ಮೊದಲು ಹೋರಾಡಿ ಸೋಲುತ್ತಿದ್ದವರು, ಈಗ ಹೋರಾಡಿ ಗೆಲ್ಲಲು ಶುರು ಮಾಡಿದರು.

1739ರಲ್ಲಿ ಬ್ರಿಸ್ಟಲ್ಲಿನ ಬಯಲಿನಲ್ಲಿ, ಯಾವ ಚರ್ಚಿನ ಬಾಗಿಲೂ ತುಳಿಯದ ಕಲ್ಲಿದ್ದಲು ಕೂಲಿಗಳಿಗೆ ಸುವಾರ್ತೆ ಸಾರಿದರು. 1742ರಲ್ಲಿ ಸ್ವಂತ ಊರಿನ ಚರ್ಚಿನಲ್ಲಿ ಅವಕಾಶ ಕೊಡದೆ ಇದ್ದಾಗ ತಂದೆಯ ಸಮಾಧಿಯ ಮೇಲೆ ನಿಂತು ಪ್ರಸಂಗ ಮಾಡಿದರು. ಅದಕ್ಕೂ ಮುಂಚೆ, 1741ರಲ್ಲಿ, ಆಕ್ಸ್‌ಫರ್ಡಿನ ಪಂಡಿತರ ಎದುರಿಗೇ ಅಗ್ರಿಪ್ಪ ರಾಜನ ಭಾಗವನ್ನು ತೆಗೆದುಕೊಂಡು, ಇನ್ನೇನು ಕ್ರೈಸ್ತನಾದ ಎನ್ನುವಷ್ಟು ಹತ್ತಿರ ಬಂದು ಹೊರಗೇ ಉಳಿಯುವವನ ಬಗ್ಗೆ ಮಾತಾಡಿದರು. ಅಂಥವನು ಮೋಸ ಮಾಡಲ್ಲ, ಪ್ರಾರ್ಥನೆ ತಪ್ಪಿಸಲ್ಲ, ಕಪಟಿಯೂ ಅಲ್ಲ. ನಾನೇ ಎಷ್ಟೋ ವರ್ಷ ಹಾಗಿದ್ದೆ ಅಂತ ಎಲ್ಲರ ಮುಂದೆ ಹೇಳಿದರು.

ಇಲ್ಲಿ ಒಂದು ಎಚ್ಚರಿಕೆ. ಹಾಗಾದರೆ ಉಪವಾಸ, ದಾನ ಎಲ್ಲಾ ವ್ಯರ್ಥ ಅಂತ ಯಾರೂ ಹೇಳಬೇಡಿ. ಆ ರಾತ್ರಿಯ ನಂತರವೂ ವೆಸ್ಲಿ ದಾನ ಬಿಡಲಿಲ್ಲ, ಪ್ರಾರ್ಥನೆ ಬಿಡಲಿಲ್ಲ. ಮೊದಲು ಅದು ಸಾಲ ತೀರಿಸುವ ಹಾಗೆ ಇತ್ತು, ಆಮೇಲೆ ಸಾಲ ತೀರಿದವನ ಕೃತಜ್ಞತೆ ಆಯಿತು. ವಯಸ್ಸಾದ ಮೇಲೆ ಹಳೆಯ ದಿನಚರಿಯನ್ನು ತಿರುಗಿ ನೋಡಿ, ಆಗಲೂ ನನ್ನಲ್ಲಿ ಒಂದು ನಂಬಿಕೆ ಇತ್ತು, ಆದರೆ ಅದು ಸೇವಕನ ನಂಬಿಕೆ, ಮಗನ ನಂಬಿಕೆ ಅಲ್ಲ ಎಂಬ ಅರ್ಥದಲ್ಲಿ ಟಿಪ್ಪಣಿ ಸೇರಿಸಿದರು. ಸೇವಕನೂ ಮನೆಯಲ್ಲೇ ಇರುತ್ತಾನೆ. ಮಗನಿಗಿಂತ ಹೆಚ್ಚು ಕೆಲಸ ಮಾಡಬಹುದು. ಆದರೆ ಯಜಮಾನರ ಹೆಜ್ಜೆ ಸದ್ದು ಕೇಳಿದರೆ ಸೇವಕ ಎದ್ದು ನಿಲ್ಲುತ್ತಾನೆ, ಮಗು ಅಪ್ಪಾ ಅಂತ ಓಡುತ್ತೆ. ರೋಮಾಪುರದವರಿಗೆ 8ನೇ ಅಧ್ಯಾಯದಲ್ಲಿ ಪೌಲನು ಹೇಳುವ ಪುತ್ರತ್ವದ ಆತ್ಮ ಇದೇ.

ನಾನು ಈ ಮಾತನ್ನು ಹೊರಗಿನವರಿಗೆ ಹೇಳ್ತಾ ಇಲ್ಲ. ವಿಶ್ವಾಸಿಗಳ ಮನೆಯಲ್ಲೇ ಹುಟ್ಟಿದ ತಮ್ಮಂದಿರೇ ತಂಗಿಯರೇ, ನಿಮಗೆ ಹೇಳ್ತಾ ಇದ್ದೀನಿ. ಕಾಯಿರ್‌ನಲ್ಲಿ ಹಾಡುವವರಿಗೆ, ಕೀಬೋರ್ಡ್ ನುಡಿಸುವವರಿಗೆ, ದೀಕ್ಷಾಸ್ನಾನದ ತಾರೀಖನ್ನು ಬೈಬಲಿನ ಮೊದಲನೆ ಪುಟದಲ್ಲಿ ಬರೆದಿಟ್ಟವರಿಗೆ, ನಮ್ಮ ಹಿರಿಯರಿಗೆ, ನನಗೂ. ಆಸ್ಪತ್ರೆಯಲ್ಲಿ ಎಷ್ಟೋ ವಿಶ್ವಾಸಿಗಳ ಹಾಸಿಗೆ ಪಕ್ಕ ನಾನು ನಿಂತಿದ್ದೇನೆ. ಕೊನೆ ಹೊತ್ತಿನಲ್ಲಿ ಕೆಲವರು ತಾವು ಮಾಡಿದ ಸೇವೆಯನ್ನು ಎಣಿಸುತ್ತಾರೆ, ಕಣ್ಣಲ್ಲಿ ಮಾತ್ರ ಹೆದರಿಕೆ ಇರುತ್ತದೆ. ಹಾಗೆ ಯಾರೂ ಹೋಗಬಾರದು. ನೀವು ಇವತ್ತೇ ಕೇಳಿಕೊಳ್ಳಿ: ನನ್ನ ಭರವಸೆ ಎಲ್ಲಿದೆ? ನಾನು ಮಾಡಿದ್ದರಲ್ಲಾ, ಆತನು ಶಿಲುಬೆಯಲ್ಲಿ ಮಾಡಿದ್ದರಲ್ಲಾ?

ವೆಸ್ಲಿ 1791ರ ಮಾರ್ಚ್ 2ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು. ಕುದುರೆ ಮೇಲೆ ಎರಡು ಲಕ್ಷ ಮೈಲಿಗಿಂತ ಹೆಚ್ಚು ತಿರುಗಿದವರು, ಸಾವಿರಾರು ಪ್ರಸಂಗ ಮಾಡಿದವರು ಅಂತ ಅವರ ಬಗ್ಗೆ ಹೇಳುತ್ತಾರೆ. ಸಾಯುವಾಗ ಆ ಲೆಕ್ಕ ಅವರ ಬಾಯಲ್ಲಿ ಬರಲಿಲ್ಲ. ದೇವರು ನಮ್ಮ ಜೊತೆ ಇದ್ದಾನೆ, ಅದೇ ಎಲ್ಲಕ್ಕಿಂತ ದೊಡ್ಡದು ಎಂಬ ಸಂತೋಷ ಬಂತು. ಶಕ್ತಿ ಇಲ್ಲದಿದ್ದರೂ ಸ್ತುತಿಯ ಹಾಡು ಹಾಡಿದರು. ಹಡಗಿನಲ್ಲಿ ಯಾರ ಹಾಡು ಕೇಳಿ ಬೆರಗಾಗಿದ್ದರೋ, ಕೊನೆಗೆ ಅವರ ಹಾಗೇ ಹಾಡುತ್ತಾ ದಾಟಿದರು.

ಎಲ್ಲರೂ ಕಣ್ಣು ಮುಚ್ಚೋಣ. ಮುಂದೆ ಬರಬೇಕು ಅನಿಸಿದವರು ಬನ್ನಿ. ನಾಚಿಕೆ ಬೇಡ, ಎಷ್ಟು ವರ್ಷದ ವಿಶ್ವಾಸಿಯಾದರೂ ಪರವಾಗಿಲ್ಲ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನ್ನ ಮನೆಯಲ್ಲಿದ್ದೂ ಸೇವಕರ ಹಾಗೆ ಭಯದಲ್ಲಿ ಬದುಕುತ್ತಿರುವ ನಿನ್ನ ಜನರನ್ನು ನೋಡು. ನಮ್ಮ ಭಕ್ತಿಯ ಮೇಲಲ್ಲ, ನಿನ್ನ ಮಗನ ರಕ್ತದ ಮೇಲೆ ಮಾತ್ರ ಭರವಸೆ ಇಡುವ ಹೃದಯ ಕೊಡು. ನಾವು ನಿನ್ನ ಮಕ್ಕಳೆಂದು ಪವಿತ್ರಾತ್ಮನು ತಾನೇ ನಮ್ಮ ಆತ್ಮದೊಂದಿಗೆ ಸಾಕ್ಷಿ ಹೇಳಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.